ಜಾರುಕೋನ

ಒಂದು ಕಾಯಿಯ ನೀರಿಗೆ ಇಷ್ಟು ಶಕ್ತಿ ಇದ್ದೀತೆ? ಇರಲಾರದು. ಒಂದು ಲೋಟವೂ ತುಂಬದ ನೀರು. ಅದನ್ನೂ ಅವನೇ ಬಟ್ಟೆ ತೆಗೆದುಕೊಂಡು ಒಂದು ಹನಿ ಉಳಿಯದ ಹಾಗೆ ಒರೆಸಿದ್ದ. ಇಪ್ಪತ್ತು ಟನ್ನಿನ ಕಲ್ಲು ಅಂಥದಕ್ಕೆ ಜಾರೀತೆ? ಆದರೆ ಭಾರದ ಮಾತು ಮನಸ್ಸಿಗೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಜಾರುವ ಕೋನಕ್ಕೂ ಭಾರಕ್ಕೂ ಸಂಬಂಧವಿಲ್ಲವೆಂದು ಹುಡುಗರು ರೆಕಾರ್ಡ್ ಪುಸ್ತಕದಲ್ಲಿ ಬರೆಯುವುದನ್ನು ಮೂವತ್ತೊಂದು ವರ್ಷ ಪಕ್ಕದಲ್ಲೇ ನಿಂತು ನೋಡಿದವನು ಅವನು. ಹಾಗಾದರೆ ಕಾಯಿಯ ನೀರೇ ಇರಬೇಕು. ಅಲ್ಲ, ಇರಲಾರದು.

ಯಮನೂರಪ್ಪ ಒಂಬತ್ತನೆಯ ಮಜಲಿನ ಕಟ್ಟೆಯ ಮೇಲೆ ನಿಂತಿದ್ದ. ಅವನೆದುರು, ಇಳಿಜಾರಿನ ನಡುವೆ, ಎತ್ತಿನ ಗಾಡಿಯಷ್ಟು ದೊಡ್ಡ ಕೆಂಪು ಕಲ್ಲೊಂದು ನಿಂತಿತ್ತು. ಅದು ನಿಲ್ಲಬೇಕಾಗಿದ್ದ ಬಿಳಿ ಗೆರೆ ಎಷ್ಟೋ ಹಿಂದೆ ಉಳಿದಿತ್ತು.

ಕಂಬದ ಮೇಲಿನ ಸ್ಪೀಕರು ಕರಕರ ಎಂದಿತು. "ಒಂಬತ್ತನೇ ಮಜಲು, ಎಷ್ಟು ಬಂತು?"

ಅದು ಅವನ ಮಗಳು ನೀಲಗಂಗಾಳ ದನಿ. ಇಳಿಜಾರಿನ ಕಂಟ್ರೋಲ್ ರೂಮಿನ ಮುಖ್ಯಸ್ಥೆ ಅವಳು. ಯಮನೂರಪ್ಪ ಟೇಪು ಹಿಡಿದು ಎರಡು ಸಲ ಅಳೆದ.

"ಹನ್ನೊಂದು ಮೀಟರ್ರಿ ಮೇಡಂ."

"ನಾಕ ಬರಬೇಕಿತ್ತು."

"ಹೌದ್ರಿ. ಹನ್ನೊಂದು ಬಂದೈತ್ರಿ."

ಕೆಳಗಿನ ಹತ್ತನೆಯ ಮಜಲಿನಿಂದ ರಾಜೇಸಾಬ ಕೂಗಿದ: "ಏ ಯಮನೂರಾ, ಹೊಟ್ಟಿಲೆ ಹುಟ್ಟಿದ ಮಗಳಿಗೆ ರೀ ಅಂತೀಯಲ್ಲೋ! ಮನ್ಯಾಗ ರೊಟ್ಟಿ ಹಾಕೂದಿಲ್ಲೇನ ಇಲ್ಲಂದ್ರ?"

ಯಮನೂರಪ್ಪ ಟೇಪು ಸುತ್ತಿಟ್ಟುಕೊಂಡ. ಕಲ್ಲು ಉಳಿದ ಮಜಲುಗಳನ್ನೂ ದಾಟಿ ಬುಡ ಮುಟ್ಟಿದ ಮೇಲೆ ಗುಡ್ಡದ ತುದಿಯಿಂದ ಬುಡದವರೆಗೆ ಸೈರನ್ ಕೂಗಿತು. ಆರು ವರ್ಷದಲ್ಲಿ ಮೊದಲ ಸಲ ಕೆಂಬಂಡಿಯ ಇಳಿಜಾರು ಬಂದ್ ಆಗಿತ್ತು. ಬಂದ್ ಮಾಡಿದವಳು ನೀಲಗಂಗಾ.

ಕೆಂಬಂಡಿಯ ಗುಡ್ಡದಲ್ಲಿ ಸಿಗುವುದು ಕೆಂಪು ಗ್ರಾನೈಟು. ಮೊದಲು ಅದನ್ನು ಲಾರಿಯಲ್ಲಿ ಇಳಿಸುತ್ತಿದ್ದರು. ಗುಡ್ಡದ ತಿರುವಿನಲ್ಲಿ ಬ್ರೇಕು ಹಿಡಿಯದೆ ವರ್ಷಕ್ಕೆ ಇಬ್ಬರೋ ಮೂವರೋ ಡ್ರೈವರುಗಳು ಹೋಗುತ್ತಿದ್ದರು. ಊರಿನ ಅರ್ಧ ಮನೆಗಳಲ್ಲಿ ಅಂಥ ಒಂದೊಂದು ಫೋಟೋ ಗೋಡೆಯ ಮೇಲಿದೆ. ಆಮೇಲೆ ಹಾಸು ಬಂತು. ಒಂಬತ್ತು ಡಿಗ್ರಿ ಓರೆಯಾದ, ಎಂಟುನೂರು ಮೀಟರ್ ಉದ್ದದ ದಾರಿ. ಅದರ ಮೇಲೆ ಉದ್ದಕ್ಕೂ ಹಾಸಿದ ಬೂದುಬಣ್ಣದ ಹಾಳೆ. ಕರೆಂಟು ಕೊಟ್ಟರೆ ಹಾಳೆ ಸೆಕೆಂಡಿಗೆ ಸಾವಿರಾರು ಸಲ, ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಮೇಲಿರುವ ಕಲ್ಲಿಗೆ ಗಟ್ಟಿಯಾಗಿ ಕೂರಲು ಪುರಸೊತ್ತೇ ಸಿಗುವುದಿಲ್ಲ. ಘರ್ಷಣೆ ಇಳಿದು, ಕಲ್ಲು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರಲು ಶುರುಮಾಡುತ್ತದೆ. ಕರೆಂಟು ತೆಗೆದರೆ ಹಾಳೆ ಮತ್ತೆ ಒರಟಾಗಿ ಕಲ್ಲನ್ನು ಹಿಡಿದು ನಿಲ್ಲಿಸುತ್ತದೆ. ಚಕ್ರವಿಲ್ಲ, ಡೀಸೆಲ್ ಇಲ್ಲ, ಬ್ರೇಕಿಲ್ಲ. ಆರು ವರ್ಷದಲ್ಲಿ ಒಬ್ಬರ ಬೆರಳೂ ಜಜ್ಜಿಲ್ಲ. ಬೇರೆ ರಾಜ್ಯಗಳಿಂದ ಜನ ಬಸ್ಸು ಮಾಡಿಕೊಂಡು ಬಂದು ನೋಡಿ ಹೋಗುತ್ತಾರೆ. ಆಗ ಊರಿನವರು ಹಾಸು ತಮ್ಮ ಮನೆಯ ಅಂಗಳವೇನೋ ಎಂಬಂತೆ ನಿಂತು ತೋರಿಸುತ್ತಾರೆ.

ಐವತ್ತು ಮೀಟರಿಗೊಂದರಂತೆ ಹದಿನಾರು ಮಜಲು. ಒಂದೊಂದಕ್ಕೂ ಒಬ್ಬ ಕಾವಲಿನವನು. ಬಹುಪಾಲು ಹಳೆಯ ಲಾರಿ ಡ್ರೈವರುಗಳೇ. ಯಮನೂರಪ್ಪ ಒಬ್ಬನೇ ಬೇರೆ. ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿ ನಿವೃತ್ತನಾಗಿ ಬಂದವನು. ಪ್ರತಿ ಮುಂಜಾನೆ ಇಳಿಜಾರನ್ನು ಒಂದು ಗಂಟೆ ನಿಲ್ಲಿಸುತ್ತಾರೆ. ಆಗ ಕಾವಲಿನವರು ಬರಿಗಾಲಲ್ಲಿ ತಮ್ಮ ತಮ್ಮ ಮಜಲು ನಡೆದು, ಕಲ್ಲುಚೂರು ಆರಿಸಿ, ಧೂಳು ಒರೆಸಬೇಕು. ಬಳಿಕ ಒಂದು ಕಲ್ಲು ಬಿಟ್ಟು, ಪ್ರತಿ ಮಜಲಿನಲ್ಲೂ ಅದನ್ನು ನಿಲ್ಲಿಸಿ, ಎಷ್ಟು ದೂರ ಜಾರಿ ನಿಂತಿತೆಂದು ಅಳೆಯುತ್ತಾರೆ. ಮೊದಲು ಈ ನಿಲುಗಡೆ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಇತ್ತು. ಹದಿನಾಲ್ಕು ತಿಂಗಳ ಹಿಂದೆ ನೀಲಗಂಗಾ ಹಟ ಹಿಡಿದು ಅದನ್ನು ದಿನನಿತ್ಯದ್ದು ಮಾಡಿಸಿದ್ದಳು. ಇಳಿಜಾರಿನ ಬುಡದಲ್ಲೇ ಪಾಲಿಶ್ ಶೆಡ್ಡು, ಅದರಲ್ಲಿ ಅರವತ್ತು ಹೆಣ್ಣುಮಕ್ಕಳು.

ನೀಲಗಂಗಾ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತ ಮೊದಲ ತಿಂಗಳು, ಅಂದರೆ ನಾಲ್ಕು ವರ್ಷದ ಹಿಂದೆ, ಅಮಾವಾಸ್ಯೆಯ ಮುಂಜಾನೆ ಯಮನೂರಪ್ಪ ಚೀಲದಲ್ಲಿ ಒಂದು ಕಾಯಿ ಇಟ್ಟುಕೊಂಡು ಹೋಗಿದ್ದ. ದೇವರ ವಿಷಯದಲ್ಲಿ ಅವನು ಅಂಥ ಭಕ್ತನಲ್ಲ. ಆದರೆ ಅಷ್ಟು ದೊಡ್ಡ ಯಂತ್ರವೊಂದು ಮಗಳ ಬೆರಳಿನ ಕೆಳಗೆ ಬಂದದ್ದನ್ನು ನೋಡಿ ಸುಮ್ಮನಿರಲು ಅವನಿಂದ ಆಗಿರಲಿಲ್ಲ. ಕಂಪನಿ ಗೇಟಿನ ಹತ್ತಿರ ಪೂಜೆಗೆಂದೇ ಕಟ್ಟೆ ಕಟ್ಟಿಸಿತ್ತು. ಅಮಾವಾಸ್ಯೆಗೆ ಎಲ್ಲರ ಪರವಾಗಿ ಅಲ್ಲಿ ಒಂದು ಕಾಯಿ ಒಡೆಯುತ್ತಿದ್ದರು. ಹಾಸಿನ ಮೇಲೆ ಪೂಜೆ ಬೇಡವೆಂದು ಎಲ್ಲರೂ ಒಪ್ಪಿದ್ದರು. ಅವನೂ ಒಪ್ಪಿದ್ದ. ಆದರೂ ತನ್ನ ಮಜಲಿನ ಅಂಚುಗಲ್ಲಿಗೆ ಕಾಯಿ ಒಡೆದು, ಬೊಗಸೆ ನೀರು ಹಾಸಿನ ಮೇಲೆ ಚಿಮುಕಿಸಿ, ಹೋಳು ಸುತ್ತಿದ್ದ ಬಟ್ಟೆಯಿಂದಲೇ ಒರೆಸಿ ಬಂದಿದ್ದ. ಅಂದಿನಿಂದ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ. ಇವತ್ತು ಮಾನೌಮಿ ಅಮಾಸಿ. ದೊಡ್ಡದು ಎಂದು ಬೊಗಸೆಯ ಲೆಕ್ಕ ಬಿಟ್ಟು ಪೂರ್ತಿ ಕಾಯಿಯ ನೀರು ಸುರಿದಿದ್ದ. ಎಂದಿಗಿಂತ ಚೆನ್ನಾಗಿ, ಉದ್ದಕ್ಕೂ ಅಡ್ಡಕ್ಕೂ ಒರೆಸಿದ್ದ.

ಲ್ಯಾಬಿನಲ್ಲಿ ಹಲಗೆಯ ಮೇಲೆ ಅಂಗೈ ಆಡಿಸಿದ ಹುಡುಗರಿಗೆ ಅವನು ಬೈಯುತ್ತಿದ್ದದ್ದು ನೆನಪಾಯಿತು. ಒರೆಸಿದೆ ಅಂದ್ಕೋಬ್ಯಾಡ, ಸವರಿದೀ ನೀ.

ಮರುದಿನ ಕಂಪನಿಯ ಮುಖ್ಯ ಕಚೇರಿಯಿಂದ ಡಾಕ್ಟರ್ ಸಬನೀಸ ಬಂದರು. ಹಾಸನ್ನು ರೂಪಿಸಿದವರಲ್ಲಿ ಒಬ್ಬರು. ತಲೆತುಂಬ ಬಿಳಿ ಕೂದಲು, ಜೇಬಿನಲ್ಲಿ ಸದಾ ಏಲಕ್ಕಿ. ಒಂಬತ್ತನೆಯ ಮಜಲಿನ ಅಳತೆ ತೆಗೆದವನನ್ನು ಕೇಳಬೇಕೆಂದು ಯಮನೂರಪ್ಪನನ್ನೂ ಕಂಟ್ರೋಲ್ ರೂಮಿಗೆ ಕರೆಸಿದ್ದರು. ಅವನು ಬಾಗಿಲ ಪಕ್ಕದ ಸ್ಟೂಲಿನ ತುದಿಗೆ ಕೂತ.

"ಇವರು ಯಾರು?" ಎಂದರು ಡಾಕ್ಟರು.

"ಒಂಬತ್ತನೇ ಮಜಲಿನವರ್ರಿ ಸರ್," ಎಂದಳು ನೀಲಗಂಗಾ. ಅಪ್ಪ ಎನ್ನಲಿಲ್ಲ. ಅದು ಯಮನೂರಪ್ಪನಿಗೆ ಹಿಡಿಸಿತು. ಅವಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಾಗ, ಲ್ಯಾಬಿನ ಪರೀಕ್ಷೆಯ ದಿನ ಅವನೂ ಅವಳನ್ನು ಗುರುತಿಲ್ಲದವನ ಹಾಗೆ ನೋಡಿದ್ದ.

ಗೋಡೆಯ ಪರದೆಯ ಮೇಲೆ ಹಾಸಿನ ಹಿಡಿತ ತೋರಿಸುವ ಒಂದು ಗೆರೆ. ತಿಂಗಳಿಗೊಮ್ಮೆ ಅದು ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದು, ಮೂರು ದಿನದಲ್ಲಿ ಮತ್ತೆ ಏರುತ್ತಿತ್ತು. ಡಾಕ್ಟರು ಒಂದೊಂದು ಗುಂಡಿಗೂ ಬೆರಳು ಇಟ್ಟರು.

"ಹದಿನಾಲ್ಕು ತಿಂಗಳು, ಹದಿನಾಲ್ಕು ಅಮಾವಾಸ್ಯಾ. ಒಂದೂ ತಪ್ಪಿಲ್ಲ. ನೀಲಗಂಗಾ, ಇಂಥಾದ್ದು ಮನಷ್ಯಾನ ಜನ್ಮದಾಗ ಒಮ್ಮೆ ಸಿಗತದ. ಹಾಸು ಎಷ್ಟು ಸೂಕ್ಷ್ಮ ಅದ ಅಂದ್ರ, ಅದಕ್ಕ ಚಂದ್ರ ಗೊತ್ತಾಗ್ಲಿಕ್ಕತ್ತಾನ! ನಾವು ಮಾಡಿದ್ದು ಕಲ್ಲು ಇಳಸೋ ದಾರಿ. ಆಗಿದ್ದು ಚಂದ್ರನ್ನ ಅಳಿಯೋ ಯಂತ್ರ."

ಅವರ ಕಣ್ಣು ಎಷ್ಟು ಹೊಳೆಯುತ್ತಿತ್ತೆಂದರೆ ಯಮನೂರಪ್ಪನಿಗೆ ಅವರ ಮೇಲೆ ಮರುಕ ಬಂತು. ಈಗ ಹೇಳಿಬಿಡಬೇಕು. ಬಾಯಿ ತೆರೆದ. ಎದುರಿಗೆ ಮಗಳ ಬೆನ್ನು ಕಂಡಿತು. ಮುಖ್ಯಸ್ಥೆಯ ಅಪ್ಪನೇ ಹಾಸು ಕೆಡಿಸಿದ ಎಂದು ಈ ಕೋಣೆಯಲ್ಲಿ ಗೊತ್ತಾದರೆ ಅವಳು ನಾಳೆ ಇಲ್ಲಿ ಕೂರುವುದು ಹೇಗೆ? ಬಾಯಿ ಮುಚ್ಚಿದ.

"ಸರ್," ಎಂದಳು ನೀಲಗಂಗಾ, "ಚಂದ್ರ ಎಳೀತಾನ ಅಂದ್ರ ಹುಣ್ಣಿವಿಗೂ ಎಳೀಬೇಕಲ್ರಿ. ಸಮುದ್ರ ಎರಡೂ ದಿನ ಉಕ್ಕತೈತಿ. ಇಲ್ಲಿ ಹುಣ್ಣಿವಿಗೆ ಏನೂ ಇಲ್ಲ."

"ಅದೇ ವಿಶೇಷ ಅಲ್ಲೇನು?"

"ಇನ್ನೊಂದು ಐತ್ರಿ. ಚಂದ್ರ ಕಲ್ಲಿನ ಭಾರ ಕಡಿಮಿ ಮಾಡಿದಾ ಅಂತನ ಇಟ್ಕೋರಿ. ಕಲ್ಲನ್ನ ಕೆಳಗ ಎಳಿಯೂದೂ ಭಾರನ, ಹಾಸಿನ ಮ್ಯಾಲೆ ಒತ್ತಿ ಹಿಡಿಯೂದೂ ಭಾರನ. ಕಡಿಮಿ ಆದ್ರ ಎರಡೂ ಕೂಡೇ ಕಡಿಮಿ ಆಗತಾವು. ಜಾರೂ ಕೋನ ಕೂದಲೆಳಿಯಷ್ಟೂ ಸರಿಯೂದಿಲ್ಲ. ಹಿಡಿಗಲ್ಲು ಇಡ್ರಿ, ಗುಡ್ಡನ ತಂದು ಇಡ್ರಿ, ಕೋನ ಅದನ. ಹಂಗಂದ್ರ ಕಲ್ಲಿಗೆ ಏನೂ ಆಗಿಲ್ಲ. ಹಾಸಿನ ಮ್ಯಾಲೆ ಏನೋ ಬಿದ್ದೈತಿ."

ಯಮನೂರಪ್ಪ ಸ್ಟೂಲಿನ ಮೇಲೆ ನೆಟ್ಟಗಾದ. ಎದೆಯೊಳಗೆ ಏನೋ ಉಬ್ಬಿ ಬಂತು. ಮರುಕ್ಷಣ ಮತ್ತೆ ಸ್ಟೂಲಿನ ತುದಿಗೆ ಸರಿದು ಕೂತ.

"ಹಾಸು ನೋಡೋ ಕ್ಯಾಮೆರಾ ಸ್ವಚ್ಛ ಅದ ಅಂತದ," ಎಂದರು ಡಾಕ್ಟರು.

"ಕ್ಯಾಮೆರಾಕ್ಕ ನಾವು ಕಲಿಸಿದ್ದು ಕಲ್ಲುಚೂರು, ಬಿರುಕು, ಮಣ್ಣು. ಅಷ್ಟ ಅದಕ್ಕ ಗುರ್ತು."

"ಹದಿನಾರೂ ಕಡೆ ಒಂದೇ ದಿನ, ಒಂದೇ ಥರ ಬೀಳೂದು ಅಂದ್ರ ಏನು? ಮ್ಯಾಲಿಂದ ಸುರಿದಿರಬೇಕು. ಮ್ಯಾಲಿರೋದು ಚಂದ್ರ." ಡಾಕ್ಟರು ತಾವೇ ನಕ್ಕರು. ಮತ್ತೆ ಗಂಭೀರವಾದರು. "ನೋಡವ್ವಾ, ನಾನು ಉಪಾಯ ತಂದೀನಿ. ಅಮಾವಾಸ್ಯಾ ಹಿಂದುಮುಂದು ಮೂರು ದಿನ ಕರೆಂಟು ಬೇಗ ತಗಿಯೂ ಹಂಗ ಪ್ರೋಗ್ರಾಮು ಬದಲಿಸೋಣ. ಸಂಜೀಕ ಚಾಲೂ ಮಾಡಬಹುದು. ನಿಂದೊಂದು ಸಹಿ ಬೇಕು."

"ಕಾರಣ ಗೊತ್ತಿಲ್ದ ಅಂಕಿ ತಿದ್ದೂದ್ರಿಂದ ಹಾಸು ಸ್ವಚ್ಛ ಆಗೂದಿಲ್ರಿ. ಮುಂದಿನ ಅಮಾಸಿಗೆ ಹನ್ನೊಂದು ಹೋಗಿ ನಲವತ್ತಾದ್ರ? ಕೆಳಗ ಶೆಡ್ಡು ಐತಿ. ನಾ ಸಹಿ ಹಾಕೂದಿಲ್ಲ."

ಡಾಕ್ಟರು ಏಲಕ್ಕಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಕಡೆಗೆ, ನಾಳೆ ಹತ್ತು ಗಂಟೆಯವರೆಗೆ ಕಾಯುತ್ತೇನೆ, ಕಾರಣ ತೋರಿಸು, ತೋರಿಸದಿದ್ದರೆ ಇಳಿಜಾರನ್ನು ಮುಖ್ಯ ಕಚೇರಿಯಿಂದಲೇ ನಡೆಸುವುದಾಗುತ್ತದೆ, ಈ ಕುರ್ಚಿ ಬೇಕಾಗುವುದಿಲ್ಲ ಎಂದರು. ಗದರಿಸಿ ಹೇಳಲಿಲ್ಲ, ಬೇಸರದಿಂದಲೇ ಹೇಳಿದರು. ಆದ್ದರಿಂದ ಅದು ನಿಜವೆಂದು ಗೊತ್ತಾಗುತ್ತಿತ್ತು.

ಸಂಜೆ ನೀಲಗಂಗಾ ಹೊಸ ಹಾಸಿನ ಒಂದು ತುಂಡು ಸುತ್ತಿಕೊಂಡು ಮನೆಗೆ ಬಂದಳು. "ಅಪ್ಪಾ, ನಿನ್ನ ಹಲಗಿ ಎಲ್ಲೈತಿ?"

ಅವನು ಅಟ್ಟದಿಂದ ಇಳಿಸಿ ಕೊಟ್ಟ. ಸಾಗವಾನಿ ಹಲಗೆ, ಒಂದು ತುದಿಗೆ ಕೀಲು, ಪಕ್ಕದಲ್ಲಿ ಹಿತ್ತಾಳೆಯ ಕೋನಮಾಪಕ. ಕಾಲೇಜಿನ ಲ್ಯಾಬಿನಲ್ಲಿ ಪ್ರಯೋಗ ತೋರಿಸುವ ಕಂಪ್ಯೂಟರ್ ಪರದೆಗಳು ಬಂದ ವರ್ಷ, ಸಾಮಾನು ತೆಗೆದುಹಾಕುವಾಗ ಅವನು ಕೇಳಿ ಪಡೆದದ್ದು. ಪರದೆಯೊಳಗಿನ ಪೆಟ್ಟಿಗೆ ಪ್ರತಿ ಸಲವೂ ಅದೇ ಕೋನಕ್ಕೆ ಜಾರುತ್ತಿತ್ತು. ಹುಡುಗರ ಬೆವರಿಗೆ, ತಲೆಯ ಎಣ್ಣೆಗೆ, ಕಿಟಕಿಯ ಧೂಳಿಗೆ ಅದು ಬೆಲೆ ಕೊಡುತ್ತಿರಲಿಲ್ಲ. ಆ ಪೆಟ್ಟಿಗೆಯನ್ನು ಯಮನೂರಪ್ಪ ಯಾವತ್ತೂ ನಂಬಿರಲಿಲ್ಲ.

ಅಡುಗೆಮನೆಯ ಟೇಬಲ್ಲೇ ಮನೆಯಲ್ಲಿ ಸಮತಟ್ಟಾಗಿದ್ದದ್ದು. ನೀಲಗಂಗಾ ಹಾಸನ್ನು ಹಲಗೆಗೆ ಬಿಗಿದು, ಮೇಲೊಂದು ಕೆಂಪು ಹಿಡಿಗಲ್ಲು ಇಟ್ಟು, ಹಲಗೆಯ ತುದಿಯನ್ನು ಮೆಲ್ಲಮೆಲ್ಲಗೆ ಎತ್ತಿದಳು. ಕಲ್ಲು ಕದಲಿದ ಕ್ಷಣ ಕೈ ನಿಲ್ಲಿಸಿದಳು. ಹದಿನೇಳು ಡಿಗ್ರಿ. ಮತ್ತೊಮ್ಮೆ ಹದಿನೇಳು. ಆ ಕೋನದ ಟ್ಯಾಂಜೆಂಟೇ ಘರ್ಷಣೆಯ ಗುಣಾಂಕ: ಸೊನ್ನೆ ಪಾಯಿಂಟ್ ಮೂರು ಒಂದು. ಕಲ್ಲನ್ನು ನಾಲ್ಕು ಮೀಟರಿನಲ್ಲಿ ನಿಲ್ಲಿಸುವ ಹಾಸಿನ ಅಂಕಿಯೇ ಅದು.

"ಹನ್ನೊಂದು ಮೀಟರ್ ಜಾರಬೇಕಾದ್ರ ಕೋನ ಹನ್ನೆರಡಕ್ಕ ಇಳೀಬೇಕು. ಹನ್ನೆರಡು ಯಾವುದಕ್ಕ ಬರತೈತಿ ಅಂತ ಹುಡುಕೂದು," ಎಂದಳು, ಯಾರಿಗೆಂದಿಲ್ಲದೆ.

ನೀರು ಹಾಕಿದಳು: ಹದಿನಾರು. ಕಲ್ಲುಪುಡಿ: ಹದಿನೆಂಟು. ಯಂತ್ರದ ಎಣ್ಣೆ: ಆರು. ಚಹಾ: ಹದಿನಾರೂವರೆ. ಪ್ರತಿ ಸಲವೂ ಹಾಸನ್ನು ಸೋಪಿನಿಂದ ತೊಳೆದು, ಒಣಗಿಸಿ, ಹದಿನೇಳು ಬರುವವರೆಗೆ ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದಳು. ಯಮನೂರಪ್ಪ ಬಾಗಿಲಿಗೆ ಒರಗಿ ನಿಂತು ಆ ಕೈಯನ್ನೇ ನೋಡುತ್ತಿದ್ದ. ಹಲಗೆಯ ತುದಿ ಹಿಡಿದ ಹೆಬ್ಬೆರಳು ಅವಸರ ಪಡುತ್ತಿರಲಿಲ್ಲ. ಎಷ್ಟು ಸಾವಿರ ಕೈಗಳು ಆ ಹಲಗೆ ಎತ್ತುವುದನ್ನು ಅವನು ಕಂಡಿದ್ದ! ಬಹಳ ಮಂದಿ ಉತ್ತರ ಮೊದಲೇ ತಿಳಿದುಕೊಂಡು, ಅಲ್ಲಿಗೆ ಬಂದಾಗ ಕೈ ನಿಲ್ಲಿಸುತ್ತಿದ್ದರು. ಕಲ್ಲಿಗಾಗಿ ಕಾಯುವವರು ವರ್ಷಕ್ಕೆ ಒಬ್ಬರು, ಇಬ್ಬರು.

ಕಾಯಿ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅಟೆಂಡರ್ ಯಾರಿಗೂ ರೀಡಿಂಗ್, ಅಂದರೆ ಪ್ರಯೋಗದಲ್ಲಿ ಬರಬೇಕಾದ ಅಂಕಿ, ಹೇಳಬಾರದು. ಆ ವ್ರತವನ್ನು ಅವನು ಕೆಲಸದಲ್ಲಿ ಇದ್ದಷ್ಟು ವರ್ಷ ಮುರಿದಿರಲಿಲ್ಲ. ಆದರೆ ಈಗ ಬಾಯಿ ಕಟ್ಟಿದ್ದು ಆ ವ್ರತವೋ ಹೆದರಿಕೆಯೋ ಎಂದು ತನ್ನನ್ನೇ ಕೇಳಿಕೊಂಡಾಗ ಉತ್ತರ ಬರಲಿಲ್ಲ.

ಅವನ ಹೆಂಡತಿ ಸಂಗವ್ವ ಒಲೆಯ ಮುಂದೆ ಕೂತು ಕಾಯಿ ತುರಿಯುತ್ತಿದ್ದಳು. ಅವಳಿಗೆ ತಾಳ್ಮೆ ಮುಗಿದಿತ್ತು.

"ಅಪ್ಪ ಮಗಳು ಕೂಡಿ ಅಡಗಿಮನಿ ಕಾಲೇಜ ಮಾಡಿಟ್ಟೀರಿ. ತಗೀ ನೀಲವ್ವಾ ನಿನ್ನ ಕಲ್ಲು, ಚಟ್ನಿ ಬಟ್ಟಲ ಇಡಾಕ ಜಾಗಾ ಇಲ್ಲ!" ಎನ್ನುತ್ತ ಎದ್ದು ಬಂದು, ಕಾಯಿಹಾಲು ಹತ್ತಿದ ಕೈಯಲ್ಲೇ ಕಲ್ಲನ್ನೆತ್ತಿ ಪಕ್ಕಕ್ಕಿಟ್ಟು, ಹಾಸಿನ ಮೇಲೆ ಬಿದ್ದಿದ್ದ ನಾಲ್ಕು ಚೂರು ತುರಿಯನ್ನು ಸೆರಗಿನಿಂದ ಒರೆಸಿದಳು.

"ಅವ್ವಾ! ಈಗರೆ ತೊಳೆದಿದ್ನಿ."

"ಒರಿಸೀನಲ್ಲ. ಏನಾಗೇತಿ ಈಗ?"

ನೀಲಗಂಗಾ ಬೇಸರದಿಂದಲೇ ಕಲ್ಲನ್ನು ಮತ್ತೆ ಇಟ್ಟು ಹಲಗೆ ಎತ್ತಿದಳು. ಹತ್ತು. ಹನ್ನೊಂದು. ಕಲ್ಲು ಸರ್ರನೆ ಜಾರಿ ಕೆಳಗಿನ ತಡೆಗೆ ಬಡಿಯಿತು.

ಅವಳು ಮಾಪಕದ ಹತ್ತಿರ ಮುಖ ತಂದಳು. ಹನ್ನೆರಡು.

ಮೂರು ಸಲ ಮಾಡಿದಳು. ಮೂರು ಸಲವೂ ಹನ್ನೆರಡು. ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ ಮತ್ತೆ ಮಾಡಿದಳು, ಹನ್ನೆರಡೇ. ಒರೆಸಿದಷ್ಟೂ ಕಾಯಿಯ ಜಿಡ್ಡು ಹರಡುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ಅವ್ವಾ, ಈ ಕಾಯಿ ಎಲ್ಲೀದು?"

"ನಿಮ್ಮಪ್ಪ ತಂದದ್ದು. ನಿನ್ನಿ ಅಮಾಸಿ ಕಾಯಿ."

ನೀಲಗಂಗಾ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಯಮನೂರಪ್ಪ ನೋಟ ತಪ್ಪಿಸಲಿಲ್ಲ. ಒಲೆಯ ಮೇಲಿನ ಹಂಚು ಕಾಯ್ದು ಹೊಗೆಯಾಡತೊಡಗಿತು. ಅವಳು ಪುಸ್ತಕ ತೆರೆದು, ಹನ್ನೆರಡು ಎಂದು ಬರೆದು, ಕೆಳಗೆ ಗೆರೆ ಎಳೆದಳು. ಸ್ವಲ್ಪ ಹೊತ್ತಿನ ಮೇಲೆ, "ಹದಿನಾರು ಮಜಲು," ಎಂದು ತನಗೆ ತಾನೇ ಅಂದುಕೊಂಡಳು. ಅದರ ಅರ್ಥ ಅವನಿಗೆ ಆಗ ಹೊಳೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಇಳಿಜಾರಿನ ಬುಡದಲ್ಲಿ ಊರೇ ಸೇರಿತ್ತು. ಮೂರನೆಯ ದಿನವೂ ಕೆಲಸ ನಿಂತದ್ದಕ್ಕೆ ಸಿಟ್ಟಾದವರು ಮುಂದೆ, ಪಾಲಿಶ್ ಶೆಡ್ಡಿನ ಹೆಂಗಸರು ಹಿಂದೆ, ಹದಿನಾರು ಮಜಲಿನ ಕಾವಲಿನವರು ಒಂದು ಸಾಲಾಗಿ ಪಕ್ಕಕ್ಕೆ. ಡಾಕ್ಟರ್ ಸಬನೀಸರಿಗೆ ಕುರ್ಚಿ ಹಾಕಿದ್ದರೂ ನಿಂತೇ ಇದ್ದರು. ನೀಲಗಂಗಾ ಒಂದು ಕಲ್ಲುಚಪ್ಪಡಿಯ ಮೇಲೆ ಹಲಗೆ ಇಟ್ಟಳು.

"ಇಷ್ಟಗಲ ಹಲಗಿ ಮ್ಯಾಲೆ ಹಿಡಿಗಲ್ಲು ಇಟ್ಟು, ಇಪ್ಪತ್ತು ಟನ್ನಿನ ಲೆಕ್ಕ ಹೇಳತಾಳಂತ!" ಎಂದು ಗುಂಪಿನಲ್ಲಿ ಯಾರೋ ಗೇಲಿ ಮಾಡಿದರು.

"ಹೌದು, ಹೇಳತೀನಿ. ಮುಂದ ಬಂದು ನೀವ ಎತ್ರಿ," ಎಂದಳು ಅವಳು. ಗೇಲಿ ಮಾಡಿದವನು ಬಂದು ಎತ್ತಿದ. ಹದಿನೇಳು. ಒಂದರ ಮೇಲೊಂದು ನಾಲ್ಕು ಕಲ್ಲು ಹೇರಿಸಿ ಎತ್ತಿಸಿದಳು. ಆಗಲೂ ಹದಿನೇಳು. ಅವನು ಹಲಗೆಯ ಅಡಿಗೆ ಬಗ್ಗಿ ನೋಡಿದ. ಜನ ನಕ್ಕರು. ಅವಳು ಒಂದು ಕಾಯಿ ಒಡೆದು, ನೀರು ಚಿಮುಕಿಸಿ, ಹೋಳು ಸುತ್ತಿದ ಬಟ್ಟೆಯಿಂದ ಒರೆಸಿ, ಮತ್ತೆ ಎತ್ತಿಸಿದಳು.

"ಹನ್ನೆರಡು," ಎಂದು ಅವನೇ ಕೂಗಿ ಹೇಳಿದ.

ನಗು ನಿಂತಿತು. ಕಾವಲಿನವರ ಸಾಲಿನಲ್ಲಿ ಒಬ್ಬರೂ ಅಲುಗಾಡಲಿಲ್ಲ.

"ನಾ ಯಾರು ಅಂತ ಕೇಳಾಕತ್ತಿಲ್ಲ," ಎಂದಳು ನೀಲಗಂಗಾ. "ಎಷ್ಟು ಅಂತ ಕೇಳಾಕತ್ತೀನಿ. ಹದಿನಾರೂ ಮಜಲಿನ್ಯಾಗ ಕೋನ ಬಿದ್ದೈತಿ. ಒಂದು ಕಾಯಿ ಒಂದು ಮಜಲಿಗೆ ಸಾಕು, ಹದಿನಾರಕ್ಕ ಸಾಲೂದಿಲ್ಲ. ಲೆಕ್ಕ ಕೂಡಲಿಲ್ಲ ಅಂದ್ರ ನನ್ನ ಮಾತು ಸುಳ್ಳು,  ಡಾಕ್ಟರ್ ಮಾತು ಖರೆ. ನಿಮ್ಮ ಮಜಲಿನ್ಯಾಗ ಒಡೆದಿದ್ರ ಕೈ ಎತ್ರಿ."

ಆಗ ಯಮನೂರಪ್ಪನಿಗೆ ರಾತ್ರಿಯ ಮಾತಿನ ಅರ್ಥವಾಯಿತು. ತನ್ನ ಕಾಯಿ ತನ್ನ ಮಜಲನ್ನಷ್ಟೇ ಕೆಡಿಸಿತ್ತು. ಉಳಿದ ಹದಿನೈದು ಹೇಗೆ ಬಿದ್ದವೆಂದು ಅವಳಿಗೂ ಗೊತ್ತಿಲ್ಲ. ಊಹೆ ಮಾಡಿ, ಊರಿನೆದುರು ತನ್ನ ಹೆಸರನ್ನೇ ಪಣಕ್ಕಿಟ್ಟು ಕೇಳುತ್ತಿದ್ದಾಳೆ. ಯಾರೂ ಕೈ ಎತ್ತದಿದ್ದರೆ ಮುಗಿಯಿತು. ಹಲಗೆಯ ಹತ್ತಿರ ಅವಳು ಒಬ್ಬಳೇ ನಿಂತಿದ್ದಳು. ಅವನ ಕಡೆ ನೋಡಲೂ ಇಲ್ಲ.

ಅವನು ಕೈ ಎತ್ತಿದ.

ಗುಂಪಿನಲ್ಲಿ ಗುಜುಗುಜು ಎದ್ದಿತು. "ಅಪ್ಪನ ಹೌದಲ್ಲೋ!" ಎಂದಿತು ಒಂದು ದನಿ. ನೀಲಗಂಗಾಳ ಮುಖ ಬದಲಾಗಲಿಲ್ಲ.

"ಒಂಬತ್ತನೇ ಮಜಲು," ಎಂದು ಬರೆದುಕೊಂಡಳು. "ಒಂದು."

ಯಮನೂರಪ್ಪನ ಕೈ ಹಾಗೇ ಮೇಲಿತ್ತು. ಇಳಿಸಿದರೆ ಎಲ್ಲ ಮುಗಿದಂತೆ ಎನಿಸಿತು. ಪಕ್ಕದಲ್ಲಿ ರಾಜೇಸಾಬ ಒಮ್ಮೆ ಕೆಮ್ಮಿದ.

"ನಂದೂ ಒಂದು ಹಿಡೀವ್ವಾ," ಎಂದ. "ಮೂವತ್ತು ವರ್ಷ ಲಾರಿ ಹೊಡೆದೀನಿ. ಅಮಾಸಿ ದಿನ ಗಾಲಿಗೆ ಕಾಯಿ ಒಡೀದ ಗಾಡಿ ಚಾಲೂ ಮಾಡಿದಾಂವ ಅಲ್ಲ. ಇದಕ್ಕ ಗಾಲಿನ ಇಲ್ಲ. ಹಾಸಿಗೇ ಒಡದೆ. ನಾ ಒಬ್ಬನ ಅಂತ ತಿಳಿದಿದ್ನಿ."

"ನಾನೂ ಹಂಗ ತಿಳಿದಿದ್ನೆಪಾ!" ಎಂದು ಮೂರನೆಯ ಮಜಲಿನವನು ಕೈ ಎತ್ತಿದ. ಅವನ ಪಕ್ಕದವನು ಅವನನ್ನು ದಿಟ್ಟಿಸಿ ನೋಡಿ, ತಾನೂ ಎತ್ತಿದ. ಆಮೇಲೆ ಒಂದಾದ ಮೇಲೊಂದು ಕೈಗಳು ಏಳುತ್ತ ಹೋದವು. ಏಳುವಾಗ ಒಬ್ಬೊಬ್ಬರೂ ಉಳಿದವರ ಮುಖವನ್ನು ಹೊಸದಾಗಿ ಕಂಡಂತೆ ನೋಡುತ್ತಿದ್ದರು. ವರ್ಷಗಟ್ಟಲೆ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಒಂದೇ ಹೊತ್ತಿಗೆ, ಐವತ್ತು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿಕೊಂಡು ಕಾಯಿ ಒಡೆದಿದ್ದರು. ನೀಲಗಂಗಾ ಎಣಿಸುತ್ತಿದ್ದಳು. ಹದಿಮೂರು, ಹದಿನಾಲ್ಕು, ಹದಿನೈದು. ಅಲ್ಲಿಗೆ ನಿಂತಿತು.

ಸಾಲಿನ ಕೊನೆಯಲ್ಲಿ ಹದಿನಾರನೆಯ ಮಜಲಿನ ದುರುಗಪ್ಪ ನೆಲ ನೋಡುತ್ತ ನಿಂತಿದ್ದ.

"ದುರುಗಪ್ಪಜ್ಜಾ, ನಿಂದು?"

"ನಂದು ಒಂದಲ್ಲವ್ವಾ," ಎಂದ ಮುದುಕ ಸಂಕೋಚದಿಂದ. "ಎರಡು. ಮೊಮ್ಮಗ ಹುಟ್ಯಾನ."

ಪಾಲಿಶ್ ಶೆಡ್ಡಿನ ಹೆಂಗಸರು ಮೊದಲು ನಕ್ಕರು, ಆಮೇಲೆ ಇಡೀ ಊರು ನಕ್ಕಿತು. ನೀಲಗಂಗಾ ಪುಸ್ತಕ ತಿರುವಿದಳು. ಹದಿನಾರನೆಯ ಮಜಲಿನಲ್ಲಿ ಮೊನ್ನೆ ಕಲ್ಲು ಎಲ್ಲಕ್ಕಿಂತ ಹೆಚ್ಚು, ಹದಿಮೂರು ಮೀಟರ್ ಜಾರಿತ್ತು. ಪುಸ್ತಕವನ್ನು ಡಾಕ್ಟರರ ಕೈಗೆ ಕೊಟ್ಟಳು. ಅವರು ಬಹಳ ಹೊತ್ತು ಆ ಪುಟ ನೋಡಿದರು. ಅವರ ಕಣ್ಣಿನ ಹೊಳಪು ಒಂದು ಕ್ಷಣ ಆರಿ, ಮತ್ತೆ ಬೇರೆ ಬಗೆಯಾಗಿ ಹೊತ್ತಿಕೊಂಡಿತು.

"ನನ್ನ ಸಿದ್ಧಾಂತ ಅರ್ಧ ಸರಿ ಅದ ಬಿಡವ್ವಾ," ಎಂದರು. "ಚಂದ್ರ ಎಳಿಯೂದೇನೋ ಖರೇ. ಕಲ್ಲನ್ನ ಅಲ್ಲ, ಇವರನ್ನ." ಜೇಬಿನಿಂದ ಏಲಕ್ಕಿ ತೆಗೆದು ಅವಳ ಅಂಗೈಗೆ ಹಾಕಿದರು. "ಇನ್ನ ಏನ ಮಾಡ್ತೀ ಹೇಳು. ಇವರನ್ನೆಲ್ಲಾ ಕೆಲಸದಿಂದ ತಗೀಬೇಕೇನು?"

"ಇವರನ್ನ ತಗದ್ರ ಹಾಸು ಕಾಯೋರು ಯಾರ್ರಿ? ಕಾಯಿ ಅಂಚುಗಲ್ಲಿನ ಆಚೆ ಒಡೀಲಿ, ನೀರು ಆಚೆನ ಬೀಳಲಿ. ಮಜಲಿಗೊಂದು ಹಲಗಿ ಮಾಡಿಸಿ ಕೊಡ್ರಿ. ದಿನಾ ಮುಂಜಾನೆ ತಮ್ಮ ಮಜಲಿನ ಹಾಸಿಂದ ತಾವ ಎತ್ತಿ ನೋಡಲಿ. ಹದಿನೇಳು ಬಂದ್ರ ಚಾಲೂ, ಬರಲಿಲ್ಲಂದ್ರ ತೊಳೀಲಿ."

ಮಧ್ಯಾಹ್ನದಿಂದಲೇ ಹಾಸು ತೊಳೆಯುವ ಕೆಲಸ ಶುರುವಾಯಿತು. ಹದಿನಾರು ಮಂದಿ ಕಾವಲಿನವರೂ ಅವರ ಮನೆಯವರೂ ಸೋಪಿನ ನೀರು ಹಿಡಿದು ಗುಡ್ಡ ಹತ್ತಿದರು. ರಾಜೇಸಾಬ ಯಮನೂರಪ್ಪನ ಬಕೆಟ್ಟು ಎತ್ತಿಕೊಂಡು, "ಲ್ಯಾಬಿನ್ಯಾಗ ಇದ್ದಾಂವ, ನೀನೂ ಒಡದೀಯಲ್ಲೋ ಮಾರಾಯಾ! ನಾವೇನೋ ಡ್ರೈವರ ಮಂದಿ," ಎಂದು ದಾರಿಯುದ್ದಕ್ಕೂ ಕಾಡಿದ. ಸಂಜೆಗೆ ಒಂದೇ ಒಂದು ಕಲ್ಲು ಬಿಟ್ಟು ನೋಡಿದರು. ಹದಿನಾರು ಕಡೆಯೂ ಅದು ಬಿಳಿ ಗೆರೆಯ ಮೇಲೆ ಬಂದು ನಿಂತಿತು. ಶೆಡ್ಡಿನ ಹೆಂಗಸರು ಚಪ್ಪಾಳೆ ತಟ್ಟಿದ್ದು ಒಂಬತ್ತನೆಯ ಮಜಲಿನವರೆಗೂ ಕೇಳಿಸಿತು.

ಮನೆಗೆ ಹೋಗುವಾಗ ಅಪ್ಪ ಮಗಳು ಜೊತೆಗೇ ಇಳಿದರು. ಹಲಗೆ ಅವನ ಹೆಗಲ ಮೇಲಿತ್ತು.

"ನಿನಗ ಮೊದಲ ಗೊತ್ತಿತ್ತಲ್ಲಪ್ಪಾ?" ಎಂದಳು ಅರ್ಧ ದಾರಿಯಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾಕ ಹೇಳಲಿಲ್ಲ?"

"ಅಟೆಂಡರ್ ರೀಡಿಂಗ್ ಹೇಳಬಾರದವ್ವಾ."

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಹಲಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಹೇಳಬೇಕಾದದ್ದು ಇನ್ನೂ ಇತ್ತು. ಮನೆಯ ಬಾಗಿಲು ಬರುವವರೆಗೂ ಅದು ನಾಲಿಗೆಯ ತುದಿಯಲ್ಲೇ ಇತ್ತು.

ಮಗಳು ತನ್ನನ್ನು ಹಿಡಿದುಹಾಕಿದ ಆ ದಿನ ತನಗಾದಷ್ಟು ಹೆಮ್ಮೆ ಬದುಕಿನಲ್ಲಿ ಬೇರೆ ಯಾವ ದಿನವೂ ಆಗಿರಲಿಲ್ಲ ಎಂದು ಯಮನೂರಪ್ಪ ಅವಳಿಗೆ ಎಂದೂ ಹೇಳಲಿಲ್ಲ.